ಕೋಡುಬಳೆ ಡಬ್ಬಿಯ ಪಿಸ್ತೂಲು

ಮನೆ ಶಿಫ್ಟ್ ಮಾಡಲೆಂದು ಮೊನ್ನೆ ಅಡುಗೆಮನೆಯ ಮೇಲಿನ ಕಪಾಟಿನಿಂದ ಹಳೆಯ ಸ್ಟೀಲ್ ಡಬ್ಬಿಯೊಂದನ್ನು ಇಳಿಸಿದೆ. ಮುಚ್ಚಳ ತೆಗೆದರೆ ಇಂಗು, ಒಣಮೆಣಸಿನಕಾಯಿಯ ಕಮಟು ವಾಸನೆ. ತಳದಲ್ಲಿ ಟಣಕ್ ಎಂದು ಉರುಳಿದ್ದು ಬಟಾಣಿಗಿಂತ ಚಿಕ್ಕದಾದ ಒಂದು ಹಳದಿ ಪ್ಲಾಸ್ಟಿಕ್ ಗುಂಡು. ಐದು ವರ್ಷದಿಂದ ಈ ಡಬ್ಬಿಯನ್ನು ತೊಳೆದಿಲ್ಲ ಎಂಬ ಸತ್ಯವೂ ಅದರ ಜೊತೆಗೇ ಹೊರಬಿತ್ತು. ನಮ್ಮಮ್ಮನಿಗೆ ಹೇಳಬೇಡಿ. ಹಾಲ್‌ನಲ್ಲಿ ನನ್ನ ಗೆಳೆಯ ರಘುವಿನ ಮಗಳು ದಿಯಾ ಕಾರ್ಟನ್‌ಗಳಿಗೆ ಟೇಪ್ ಹಚ್ಚುತ್ತಿದ್ದಳು. ಈ ಗುಂಡಿನ ಕೇಸಿನಲ್ಲಿ ಆರೋಪಿ ಅವಳೇ.

ಆಗ ಅವಳಿಗೆ ಹನ್ನೊಂದು. ನಾನು ಬೆಂಗಳೂರಿಗೆ ಹೊರಟಾಗ ರಘುವಿನ ಹೆಂಡತಿ ಚಟ್ನಿಪುಡಿಯ ಪಟ್ಟಿ ಕೊಟ್ಟರೆ, ಇವಳು "ಅಂಕಲ್, something fun ತನ್ನಿ, not ಸ್ವೀಟ್" ಎಂದಿದ್ದಳು. ಮಲ್ಲೇಶ್ವರದ ಫುಟ್‌ಪಾತಿನಲ್ಲಿ ಗುಂಡು ಹಾರಿಸುವ ಕರಿ ಪಿಸ್ತೂಲು ಸಿಕ್ಕಿತು. ಮುರಿಯಬಾರದ ವಸ್ತುವನ್ನು ತಿಂಡಿಯ ನಡುವೆ ಹೂಳುವುದು ನಮ್ಮವರ ಕುಲಾಚಾರವಲ್ಲವೆ? ಗುಂಡುಗಳ ಸಮೇತ ಕೋಡುಬಳೆಯ ಡಬ್ಬಿಯಲ್ಲಿಟ್ಟೆ. ಅಂಥ ಆಟಿಕೆಗೂ ಸಿಂಗಾಪುರದಲ್ಲಿ ಅನುಮತಿ ಬೇಕು ಎಂದು ಎಂಟು ವರ್ಷ ಇಲ್ಲಿ ಬಾಳಿದ ನನಗೆ ಹೊಳೆಯಲೇ ಇಲ್ಲ. ವಿಮಾನ ಇಳಿಯುವಾಗ ಜೇಬಿನಲ್ಲಿ ಇಲ್ಲಿ ನಿಷಿದ್ಧವಾದ ಚ್ಯೂಯಿಂಗ್ ಗಮ್ ಉಳಿದಿದೆಯೇ ಎಂದು ಮಾತ್ರ ಎರಡು ಸಲ ತಡಕಿಕೊಂಡಿದ್ದೆ.

ಅದಾದ ವಾರಕ್ಕೆ ಆಯುಧಪೂಜೆ. ಬಿಶಾನ್ ಬಡಾವಣೆಯಲ್ಲಿ ರಘುವಿನ ಫ್ಲ್ಯಾಟು. ಪೂಜೆಗೆ ಎರಡು ಲ್ಯಾಪ್‌ಟಾಪು, ಒಂದು ಮಿಕ್ಸಿ, ಕೆಟ್ಟು ಕೂತ ಪ್ರಿಂಟರು. ಪ್ರಿಂಟರಿಗೆ ಪ್ರತಿವರ್ಷವೂ ಮಂಗಳಾರತಿ ಆಗುತ್ತಿತ್ತು, ರಿಪೇರಿ ಮಾತ್ರ ಆಗುತ್ತಿರಲಿಲ್ಲ. ಸಾಲಿನ ಕೊನೆಗೆ ದಿಯಾ ತನ್ನ ಪಿಸ್ತೂಲನ್ನೂ ಇಟ್ಟಳು. ನೋಡಿ, ಇಡೀ ಮನೆಯಲ್ಲಿ ಆಯುಧ ಎನ್ನಬಹುದಾದದ್ದು ಅದೊಂದೇ! ನಾನೇ ಖುಷಿಯಿಂದ ಕುಂಕುಮವಿಟ್ಟು ಸೇವಂತಿಗೆ ಏರಿಸಿದೆ.

ಊಟದ ನಂತರ ಅವಳು ಹೊರಗಿನ ತೆರೆದ ಕಾರಿಡಾರಿಗೆ ಹೋಗಿ ಪ್ರಯೋಗ ನಡೆಸಿದಳು. ನಾಲ್ಕು ಮಹಡಿ ಕೆಳಗೆ ಬೆಂಚಿನ ಮೇಲೆ ಕೂತಿದ್ದ ಚೀನೀ ಮುದುಕರೊಬ್ಬರ ಬೋಳುತಲೆಗೆ ಗುಂಡು ಬಡಿಯಿತು. ಗಾಯವೇನೂ ಆಗಲಿಲ್ಲ, ತಿಲಕದಷ್ಟು ಕೆಂಪಾಯಿತು. ಗಂಟೆಯೊಳಗೆ ಬಾಗಿಲಲ್ಲಿ ಪೊಲೀಸರು.

ಮೇಜಿನ ಮೇಲಿದ್ದ ಪಿಸ್ತೂಲಿನ ಕುಂಕುಮವನ್ನು ಮಹಿಳಾ ಅಧಿಕಾರಿ ಬಗ್ಗಿ ನೋಡಿದರು. ರಘು ಗಾಬರಿಯಲ್ಲಿ "Madam, today we all worship weapons" ಎಂದು ವಿವರಿಸಿಬಿಟ್ಟ. ಅವರ ಹುಬ್ಬು ಮೇಲೇರಿತು. "Whose is this?" ಎಂದರು.

ದಿಯಾ ನನ್ನತ್ತ ನೋಡಿದಳು. ನಾನು ಕೋಡುಬಳೆಯ ತಟ್ಟೆ ಹಿಡಿದು ನಿಂತಿದ್ದೆ. ಇಲ್ಲಿನ ಕಾಯಂ ವಾಸದ ಪರವಾನಗಿಗೆ, ಅಂದರೆ ಪಿಆರ್‌ಗೆ, ನಾನು ಅರ್ಜಿ ಹಾಕಿ ಎರಡು ತಿಂಗಳಾಗಿತ್ತು. ನಾನು ಬಾಯಿ ಬಿಡಲಿಲ್ಲ.

"Mine," ಎಂದಳು ದಿಯಾ.

ಮರುದಿನ ಹತ್ತು ಗಂಟೆಗೆ ಸ್ಟೇಷನ್ನಿಗೆ ಬರಬೇಕೆಂದು ಹೇಳಿ ಹೋದರು. ಹೊರಡುವ ಮುನ್ನ ರಘುವಿನ ಮನೆಯಲ್ಲಿ ಬೆಳಗಿನ ಉಪ್ಪಿಟ್ಟಿನ ಮುಂದೆ ನಮ್ಮದೇ ಕೋರ್ಟು ಸೇರಿತು. ರಘುವಿನ ಅಪ್ಪ ವೆಂಕಟರಾಮಯ್ಯನವರು ಮೈಸೂರಿನ ಕೋರ್ಟಿನಲ್ಲಿ ಮೂವತ್ತು ವರ್ಷ ಬೆಂಚ್ ಕ್ಲರ್ಕ್ ಆಗಿದ್ದವರು, ಮಗನ ಮನೆಗೆ ಎರಡು ತಿಂಗಳಿಗೆಂದು ಬಂದಿದ್ದರು. ಇಲ್ಲಿನ ದಂಡಸಂಹಿತೆಯನ್ನು ಮೊಮ್ಮಗಳ ಟ್ಯಾಬ್‌ನಲ್ಲಿ ತೆರೆಸಿ ಓದಿ ಕುಣಿದಾಡಿದರು.

"ಅದೇ ಸೆಕ್ಷನ್ ಎಂಬತ್ತೆರಡು, ಎಂಬತ್ತಮೂರು ಕಣಯ್ಯಾ! ಬ್ರಿಟಿಷ್ನೋರು ಎರಡೂ ಕಡೆ ಒಂದೇ ಪುಸ್ತಕ ಬಿಟ್ಟುಹೋಗಿದಾರೆ. ಏಳು ತುಂಬ್ದೇ ಇದ್ರೆ ಕೇಸೇ ಇಲ್ಲ. ಹನ್ನೆರಡರೊಳಗಿದ್ರೆ, ಮಾಡಿದ್ದೇನು ಅಂತ ತಿಳಿಯೋಷ್ಟು ಬುದ್ಧಿ ಬಲಿತಿತ್ತಾ ಅಂತ ನೋಡ್ಬೇಕು."

ರಘುವಿಗೆ ಜೀವ ಬಂತು. "ಹಾಗಾದ್ರೆ ಈಸಿ. ದಿಯಾ, ತಪ್ಪು ಅಂತ ಗೊತ್ತಿರ್ಲಿಲ್ಲ ಅನ್ನು. ಗನ್ ಎಲ್ಲಿಂದ ಬಂತು ಅಂದ್ರೆ ಬಿಲ್ಡಿಂಗ್ ಕೆಳಗೆ void deckನಲ್ಲಿ ಸಿಕ್ತು ಅನ್ನು. ಮಗುಗೆ ಏನೂ ಮಾಡಲ್ಲ, ಇವನ ಪಿಆರೂ ಸೇಫ್."

"Okay lah," ಎಂದಳು ಅವಳು, lah, what ಎಂಬ ಬಾಲಗಳ ಇಲ್ಲಿನ ಇಂಗ್ಲಿಷಿನಲ್ಲಿ, ಚಮಚ ನೆಕ್ಕುತ್ತ. "ಅಂಕಲ್ ಪಿಆರ್ ಹೋಗ್ಬಾರ್ದು."

ಆಗ ನಾನೇನು ಮಾಡಿದೆ ಕೇಳಿ. ಉಪ್ಪಿಟ್ಟಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡೆ.

ವೆಂಕಟರಾಮಯ್ಯನವರು ಟ್ಯಾಬ್ ಕೆಳಗಿಟ್ಟರು. "ಮೂವತ್ತು ವರ್ಷ ಇದನ್ನೇ ನೋಡಿದೀನಿ. ಕಟಕಟೇಲಿ ಮಗು ನಿಂತಿರುತ್ತೆ, ತಲೆ ಕೂಡ ಕಾಣ್ಸಲ್ಲ. ಕೈಗೆ ಕೊಟ್ಟೋನು ಹಿಂದಿನ ಬೆಂಚಲ್ಲಿ ಆರಾಮಾಗಿ ಕೂತಿರ್ತಾನೆ. ನಾವು ಮಗೂಗೆ ಬುದ್ಧಿ ಬಲಿತಿತ್ತಾ ಅಂತ ಚರ್ಚೆ ಮಾಡ್ತೀವಿ." ಆಮೇಲೆ ಗಂಟಲು ಸರಿಮಾಡಿಕೊಂಡು, ಕೋರ್ಟಿನ ಬಾಗಿಲಲ್ಲಿ ಕೂಗುವಂತೆಯೇ ನನ್ನ ಹೆಸರನ್ನು, ತಂದೆಯ ಹೆಸರು ಸಮೇತ, ಮೂರು ಸಲ ಕೂಗಿದರು. ಮೂರನೆಯದಕ್ಕೆ ನಾನು ತಟ್ಟೆ ಹಿಡಿದೇ ಎದ್ದು ನಿಂತಿದ್ದೆ. ನನಗೆ ಅಳು ಬರುವಷ್ಟು ನಾಚಿಕೆಯಾಯಿತು.

ಸ್ಟೇಷನ್ನಿನಲ್ಲಿ ನಾನು ಡಬ್ಬಿಯ ಪುರಾಣವನ್ನೆಲ್ಲ ಹೇಳಿದೆ. ಅದೇ ಅಧಿಕಾರಿ ಎರಡು ಪುಟ ಬರೆದುಕೊಂಡರು. ನಂತರ ದಿಯಾಳತ್ತ ತಿರುಗಿ, ಒಬ್ಬರ ಮೇಲೆ ಹೊಡೆಯುವುದು ತಪ್ಪೆಂದು ಗೊತ್ತಿತ್ತೇ ಎಂದು ಕೇಳಿದರು. ರಘು ಕಣ್ಣಲ್ಲೇ ಎಂಬತ್ತಮೂರನೆಯ ಸೆಕ್ಷನ್ ನೆನಪಿಸುತ್ತಿದ್ದ.

"Yes," ಎಂದಳು ದಿಯಾ. "I aim properly some more. Then he touch his head, I feel very bad."

ರಘು ಹಣೆ ಚಚ್ಚಿಕೊಂಡ. ಅಧಿಕಾರಿ ಮಾತ್ರ ಪೆನ್ನು ಮುಚ್ಚಿಟ್ಟು ಅವಳ ಎತ್ತರಕ್ಕೆ ಬಗ್ಗಿ, ಹತ್ತು ನಿಮಿಷ ಮೆಲ್ಲಗೆ ಮಾತಾಡಿದರು. ಕೋರ್ಟು ಕಾಣದೆ, ಒಂದು ಎಚ್ಚರಿಕೆ ಮತ್ತು ಮುದುಕರ ಮುಂದೆ ಒಂದು ಕ್ಷಮಾಪಣೆಯಲ್ಲಿ ಅವಳ ಕೇಸು ಮುಗಿಯಿತು. ನನಗೆ ಸಿಕ್ಕ ಎಚ್ಚರಿಕೆ ಲಿಖಿತ ರೂಪದ್ದು, ಬಗ್ಗಿ ಯಾರೂ ಮಾತಾಡಲಿಲ್ಲ. ಕೆಲವು ತಿಂಗಳ ಮೇಲೆ ಪಿಆರ್ ಇಲ್ಲ ಎಂಬ ಪತ್ರ ಬಂತು. ಅವರು ಕಾರಣ ಹೇಳಿರಲಿಲ್ಲ, ನಾನೂ ಕೇಳಲಿಲ್ಲ.

ಮಕ್ಕಳನ್ನು ಕೋರ್ಟು ಹೇಗೆ ನಡೆಸಿಕೊಳ್ಳಬೇಕು ಎಂದು ಆಫೀಸಿನ ಊಟದ ಮೇಜಿನಲ್ಲಿ ಈಗಲೂ ಚರ್ಚೆಯಾಗುತ್ತದೆ. ಬಂದೂಕು ಹಿಡಿದ ಮಗುವಿನ ಹೆಸರು ಕೂಗುವ ಮೊದಲು ಕೊಟ್ಟವನ ಹೆಸರನ್ನು ಮೂರು ಸಲ ಕೂಗಲಿ ಎನ್ನುತ್ತೇನೆ. ಬುದ್ಧಿ ಬಲಿತಿತ್ತೇ ಎಂಬ ಪ್ರಶ್ನೆಯನ್ನು ನಲವತ್ತು ದಾಟಿದವರಿಗೂ ಕೇಳಬೇಕು. ಆ ದಿನ ನಮ್ಮ ಪೈಕಿ ಅದರಲ್ಲಿ ಪಾಸಾಗಿದ್ದು ಆರೋಪಿ ಒಬ್ಬಳೇ.

ಗುಂಡನ್ನು ಅಂಗೈಯಲ್ಲಿಟ್ಟುಕೊಂಡು ಹಾಲ್‌ಗೆ ಬಂದೆ. ದಿಯಾ ನೋಡಿ ನಕ್ಕಳು. "Wah, evidence!"

"ಅವತ್ತು ನೀನು ಯಾಕೆ ಅಷ್ಟು ಬೇಗ ನಂದು ಅಂದುಬಿಟ್ಟೆ?"

"ನಿಮ್ಮ ಬಾಯಿ ತುಂಬ ಕೋಡುಬಳೆ ಇತ್ತಲ್ಲ ಅಂಕಲ್. ಹೆಂಗ್ ಮಾತಾಡ್ತೀರ?"

ಐದು ವರ್ಷದಿಂದ ರಘುವಿನ ಮನೆಯಲ್ಲಿ ಎಲ್ಲರೂ ಈ ಕಥೆಯನ್ನು ಹೀಗೆಯೇ ಹೇಳಿ ನಗುತ್ತಾರೆ. ನಾನೂ ನಕ್ಕಿದ್ದೇನೆ.

"ಇಲ್ಲ ಕಣೇ," ಎಂದೆ. "ಆಗ್ಲೇ ನುಂಗಾಗಿತ್ತು. ಬಾಯಿ ಖಾಲಿ ಇತ್ತು."

ಅವಳು ಕಾರ್ಟನ್ನಿನ ಮೇಲೆ ಟೇಪನ್ನು ಕೊನೆಯವರೆಗೂ ಎಳೆದು, ಹಲ್ಲಿನಿಂದ ಕಚ್ಚಿ ಕತ್ತರಿಸಿದಳು.

"ಗೊತ್ತು ಅಂಕಲ್," ಎಂದಳು. "I was looking at you what."