ನಾಲ್ಕು ಗಂಟೆಯ ಎಣಿಕೆ

ನನ್ನ ತಂಗಿಯ ಮೊಮ್ಮಗಳು ಸ್ವಾರ್ಥಿ. ಕೋಪದಿಂದ ಹೇಳುತ್ತಿಲ್ಲ, ಎರಡು ವರ್ಷದಿಂದ ಈ ಪರದೇಶದಲ್ಲಿ ನನ್ನ ಮನೆಯ ಮಹಡಿ ಕೋಣೆಯಲ್ಲೇ ಇದ್ದಾಳೆ, ನೋಡಿ ಹೇಳುತ್ತಿದ್ದೇನೆ. ಸುಳ್ಳು ಹೇಳುವವಳಲ್ಲ, ಪಾತ್ರೆಯನ್ನು ತೊಳೆಯದೆ ಬಿಡುವವಳಲ್ಲ, ಆದರೆ ತನ್ನ ಹೊತ್ತಿನಲ್ಲಿ ಒಂದು ನಿಮಿಷವನ್ನೂ ಇನ್ನೊಬ್ಬರಿಗೆ ಕೊಡುವುದಿಲ್ಲ. ಜೊತೆಯಲ್ಲಿ ಓದುವವರು ಅವಳಿಗೆ ಗಡಿಯಾರ ಎಂದು ಹೆಸರಿಟ್ಟಿದ್ದಾರೆ. ಅವಳು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದಾಳೆ.

ಅವಳ ಓದು ಬೀಜದ ಮೇಲೆ. ಉಪ್ಪುನೀರಿನಲ್ಲಿ ಯಾವ ತಳಿ ಎಷ್ಟು ಮೊಳೆಯುತ್ತದೆ ಎಂದು ನೋಡುವ ಪ್ರಯೋಗ. ಮುಚ್ಚಳವಿರುವ ಸಣ್ಣ ಗಾಜಿನ ತಟ್ಟೆಗಳು ಇಪ್ಪತ್ತು, ಒಂದೊಂದರಲ್ಲಿ ಐವತ್ತು ಬೀಜ. ಹತ್ತು ದಿನ, ದಿನವೂ ಸಂಜೆ ನಾಲ್ಕಕ್ಕೆ, ಬೇರು ಬಿಟ್ಟವನ್ನು ಎಣಿಸಬೇಕು. ಮೊದಲ ದಿನ ಎಣಿಸಿದವರೇ ಕೊನೆಯವರೆಗೂ ಎಣಿಸಬೇಕು ಎಂಬುದು ಅಲ್ಲಿನ ಕಟ್ಟುನಿಟ್ಟು. ಒಬ್ಬರ ಕಣ್ಣಿಗೆ ಬೇರಾಗಿ ಕಂಡದ್ದು ಇನ್ನೊಬ್ಬರ ಕಣ್ಣಿಗೆ ಬರೀ ಬಿರುಕಾಗಿರಬಹುದು. ಹತ್ತನೆಯ ದಿನ ಎಣಿಸಿದ ಮೇಲೆ ತಟ್ಟೆಗಳನ್ನು ಶೀತಕಪಾಟಿನಲ್ಲಿಟ್ಟು ಬೆಳವಣಿಗೆ ನಿಲ್ಲಿಸಿ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಎಣಿಸಬೇಕು. ಎರಡೂ ತಾಳೆಯಾದರೆ ಗೈಡ್ ಸಹಿ ಹಾಕುತ್ತಾರೆ. ಸಹಿ ಬಿದ್ದರೆ ಭಾನುವಾರ ವಿಮಾನ, ಎರಡು ವರ್ಷದ ಮೇಲೆ ಮನೆ. ತಪ್ಪಿದರೆ ಹೊಸ ಬೀಜ, ಮತ್ತೆ ಹತ್ತು ದಿನ. ಅಷ್ಟರಲ್ಲಿ ರಜೆಯೇ ಮುಗಿದಿರುತ್ತದೆ.

ಆ ಮಂಗಳವಾರ ಹತ್ತನೆಯ ದಿನ. ಐದೂವರೆಗೆ ಎದ್ದವಳು ಒಲೆಯ ಮುಂದೆ ನಿಂತೇ ತಿಂದಳು. ಕೂತು ತಿನ್ನು ಎಂದೆ.

"ಕೂತ್ರೆ ಎದ್ದೇಳ್ಬೇಕಾಗುತ್ತೆ ದೊಡ್ಡಜ್ಜಿ," ಎಂದಳು.

ಏಳರಿಂದ ಒಂಬತ್ತರವರೆಗೆ ಗ್ರಂಥಾಲಯದಲ್ಲಿ, ಓದುಗರು ಹಿಂತಿರುಗಿಸಿದ ಪುಸ್ತಕಗಳನ್ನು ತಳ್ಳುಗಾಡಿಯಲ್ಲಿ ಒಯ್ದು ಕಪಾಟಿಗೆ ಸೇರಿಸುವ ಕೆಲಸ. ಆಮೇಲೆ ಎರಡು ತರಗತಿ. ಹನ್ನೆರಡೂ ಹತ್ತಕ್ಕೆ ಮೆಟ್ಟಿಲ ಮೇಲೆ ಕೂತು, ಡಬ್ಬಿಯ ಅನ್ನ ತಿನ್ನುತ್ತಲೇ ಅಮ್ಮನಿಗೆ ಫೋನು. ದಿನವೂ ಏಳು ನಿಮಿಷ, ಎಂಟಾಗುವುದಿಲ್ಲ. ನಾನು ಅಂದು ಗ್ರಂಥಾಲಯಕ್ಕೆ ಬಂದಿದ್ದೆ. ಸಂಜೆ ಐದರ ಬಸ್ಸಿಗೆ ಇಬ್ಬರೂ ಒಟ್ಟಿಗೆ ಹೋಗುವುದೆಂದು ಮಾತಾಗಿತ್ತು. ಹಾಗಾಗಿ ಪಕ್ಕದಲ್ಲೇ ಕೂತು ಕೇಳಿದೆ.

"ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದೀನಿ ಕಣೇ. ನಿಮ್ಮಪ್ಪ ಬೆಕ್ಕಿನ ಹಾಗೆ ಅದರ ಸುತ್ತಾನೇ ಓಡಾಡ್ತಿದಾರೆ."

"ಇನ್ನೂ ಐದು ದಿನ ಇದೆಯಲ್ಲಮ್ಮ. ಮತ್ತೆ ಧೂಳು ಕೂರುತ್ತೆ."

"ಕೂತ್ರೆ ಮತ್ತೆ ಕೊಡವ್ತೀನಿ. ನಿನಗೇನು ಕಷ್ಟ?"

"ಸರಿ, ಏಳು ನಿಮಿಷ ಆಯ್ತು. ಇಡ್ತೀನಿ."

ಒಂದರಿಂದ ಮೂರರವರೆಗೆ ಸಂಖ್ಯಾಶಾಸ್ತ್ರದ ಪರೀಕ್ಷೆ. ಮೂರೂಕಾಲಿಗೆ ಪ್ರಯೋಗಾಲಯಕ್ಕೆ ಬಂದಳು. ನಾನು ಆಗಲೇ ಅಲ್ಲಿ ಒಂದು ಸ್ಟೂಲಿನ ಮೇಲೆ ಕೂತಿದ್ದೆ. ಪರೀಕ್ಷೆ ಹೇಗಾಯಿತು ಎಂದು ಕೇಳಿದರೆ "ಮುಗೀತು" ಎಂದು ಕೈತೊಳೆಯಲು ಹೋದಳು.

ಅವಳ ಪಕ್ಕದ ಮೇಜು ಮೇಷ್ಟ್ರದು. ನಮ್ಮ ಕಡೆಯವರೇ. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ನಲವತ್ತಮೂರನೇ ವಯಸ್ಸಿನಲ್ಲಿ ರಜೆ ಹಾಕಿ, ಹೆಂಡತಿ ಮತ್ತು ಆರು ವರ್ಷದ ಮಗಳನ್ನು ಕರೆದುಕೊಂಡು ಓದಲು ಬಂದವರು. ಆ ರಜೆ ತಿಂಗಳ ಕೊನೆಗೆ ಮುಗಿಯುತ್ತದೆ. ಅವರಿಗೆ ಮತ್ತೆ ಬಿತ್ತಿ ಎಣಿಸಲು ದಿನಗಳಿಲ್ಲ. ಅವರದೂ ಅಂದೇ ಕೊನೆಯ ದಿನ. ಆದರೆ ಅವರ ಪ್ರಯೋಗಕ್ಕೆ ಒಂದೇ ಎಣಿಕೆ ಸಾಕು, ಹಾಗಾಗಿ ಶೀತಕಪಾಟಿನ ಪಟ್ಟಿಯಲ್ಲಿ ಹೆಸರು ಹಾಕಿರಲಿಲ್ಲ. ಹಿಂದಿನ ವಾರ ಜ್ವರ ಬಂದು, ಒಂದು ದಿನದ ಮಟ್ಟಿಗೆ ಎಣಿಸಿಕೊಡಮ್ಮ ಎಂದು ಇವಳನ್ನು ಕೇಳಿದ್ದರು. "ನಿಮ್ಮ ಬೀಜಕ್ಕೆ ನಿಮ್ಮ ಕಣ್ಣೇ ಬೇಕು ಮೇಷ್ಟ್ರೇ" ಎಂದಿದ್ದಳು. ಪಾಪ, ಜ್ವರದಲ್ಲೇ ಬಂದು ಎಣಿಸಿದರು.

ಮೂರೂವರೆಗೆ, ಮೇಜಿನ ಮುಂದೆ ಕೂತಿದ್ದ ಅವರಿಗೆ ಒಂದು ಫೋನು ಬಂತು. ಮಗಳು ಶಾಲೆಯ ಉಯ್ಯಾಲೆಯಿಂದ ಬಿದ್ದು ಕೈ ಮುರಿದುಕೊಂಡಿದ್ದಾಳೆ, ಆಸ್ಪತ್ರೆಗೆ ಒಯ್ದಿದ್ದಾರೆ.

"ನನ್ನ ಹೆಂಡ್ತಿಗೆ ಇಲ್ಲಿಯ ಭಾಷೆ ಒಂದಕ್ಷರ ಬರಲ್ಲ. ಡಾಕ್ಟರ ಹತ್ರ ಏನಂತ ಮಾತಾಡ್ತಾಳೆ?" ಎಂದವರು ಕೋಟಿನ ಒಂದೇ ತೋಳು ಹಾಕಿಕೊಂಡು ತಟ್ಟೆಗಳನ್ನು ನೋಡುತ್ತ ನಿಂತುಬಿಟ್ಟರು.

"ನಿಂತ್ಕೊಂಡ್ರೆ ಮಗೂ ಕೈಯೇನೂ ಕೂಡಲ್ಲ. ಹೊರಡಿ," ಎಂದಳು ಗಡಿಯಾರ.

"ಇವು ನಾಲ್ಕಕ್ಕೆ..."

"ಗೊತ್ತು. ಹೊರಡಿ ಮೇಷ್ಟ್ರೇ."

ಅವರು ಹೋದರು. ಇವಳು ತನ್ನ ತಟ್ಟೆಗಳ ಮುಂದೆ ಕೂತು ಪುಸ್ತಕ ತೆರೆದಳು. ಇವಳಿಂದ ಇನ್ನೇನನ್ನು ನಿರೀಕ್ಷಿಸುವುದು ಎಂದುಕೊಂಡು ನಾನು ಕಿಟಕಿಯ ಕಡೆ ತಿರುಗಿದೆ.

ಶೀತಕಪಾಟಿನಲ್ಲಿ ನಾಲ್ಕು ಗೂಡು. ಒಂದೊಂದರಲ್ಲಿ ಇಪ್ಪತ್ತು ತಟ್ಟೆ ಹಿಡಿಯುತ್ತದೆ; ಒಂದರ ಮೇಲೊಂದು ಪೇರಿಸಿದರೆ ಒಳಗೆ ಬೆವರಿ ಹಾಳಾಗುತ್ತವೆ. ಮೂರು ಗೂಡುಗಳಿಗೆ ಬೇರೆಯವರ ಬೀಗ. ನಾಲ್ಕನೆಯದರ ಬೀಗದ ಕೈ ಅಂದು ಇವಳ ಬಳಿ.

ನಾಲ್ಕಕ್ಕೆ ಎರಡು ನಿಮಿಷವಿತ್ತು. ಅವಳು ಎದ್ದಳು. ಮೇಷ್ಟ್ರ ಮೇಜಿನಿಂದ ಇಪ್ಪತ್ತೂ ತಟ್ಟೆಗಳನ್ನು ನಾಲ್ಕು ನಾಲ್ಕಾಗಿ, ಅಲುಗಾಡದಂತೆ ಒಯ್ದು ಆ ಗೂಡಿನಲ್ಲಿ ಜೋಡಿಸಿ ಬೀಗ ಹಾಕಿದಳು. ಬಾಗಿಲ ಮೇಲಿನ ಪಟ್ಟಿಯಲ್ಲಿ ತನ್ನ ಹೆಸರಿನ ಮೇಲೆ ಗೀರೆಳೆದು, ಪಕ್ಕದಲ್ಲಿ ಅವರ ಹೆಸರು ಬರೆದಳು.

"ನಿನ್ನವು?" ಎಂದೆ.

"ಇವತ್ತಿನದು ಈಗ ಎಣಿಸ್ತೀನಿ. ನಾಳೆದು ಇಲ್ಲ."

"ಬೇರೆ ಗೂಡಿನವರನ್ನ ಕೇಳಬಹುದಿತ್ತು."

"ಮೂರೂ ತುಂಬಿವೆ ದೊಡ್ಡಜ್ಜಿ."

"ನಿಮ್ಮಮ್ಮನಿಗೆ ಏನು ಹೇಳ್ತೀಯ?"

"ಏಳು ನಿಮಿಷದಲ್ಲಿ ಹಿಡಿಸೋಷ್ಟು," ಎಂದು ಭೂತಗನ್ನಡಿಯನ್ನು ಹತ್ತಿರ ಎಳೆದುಕೊಂಡಳು.

ಇಪ್ಪತ್ತು ತಟ್ಟೆಗಳನ್ನೂ ಎಣಿಸಿದಳು. ಪುಸ್ತಕದಲ್ಲಿ ಎರಡನೆಯ ಎಣಿಕೆಯ ಸಾಲಿಗೆ ಉದ್ದಕ್ಕೂ ಗೆರೆ ಹಾಕಿದಳು. ಐದರ ಬಸ್ಸು ಹೋಗಿತ್ತು. ಮೇಷ್ಟ್ರ ಫೋನು ಬಂದಾಗ ಅದನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡಳು. ಅವರ ಗಟ್ಟಿ ದನಿ ನನಗೂ ಕೇಳುತ್ತಿತ್ತು. ಮಗಳ ಕೈಗೆ ಪಟ್ಟಿ ಹಾಕಿದ್ದಾರೆ, ಗಾಬರಿಯಿಲ್ಲ. ಬೀಜಗಳ ಮಾತನ್ನು ಅವರು ಕೊನೆಯಲ್ಲಿ, ಹಿಂಜರಿಯುತ್ತ ಕೇಳಿದರು.

"ತಣ್ಣಗೆ ಒಳಗಿವೆ. ಬೆಳಿಗ್ಗೆ ಬಂದು ಎಣಿಸ್ಕೊಳ್ಳಿ, ಬೀಗದ ಕೈ ನನ್ನ ಹತ್ರ ಇದೆ."

"ನಿಂದು ಇಡೋದಿತ್ತಲ್ಲಮ್ಮ ಅಲ್ಲಿ?"

"ನಂದು ಬೇರೆ ಗೂಡಲ್ಲಿ ಇಟ್ಟೆ ಮೇಷ್ಟ್ರೇ. ಜಾಗ ಸಿಕ್ತು," ಎಂದಳು, ತನ್ನ ಇಪ್ಪತ್ತನೆಯ ತಟ್ಟೆಯ ಮೊಳಕೆಗಳನ್ನು ಕಸದ ಬುಟ್ಟಿಗೆ ಸುರಿಯುತ್ತ.