ಹೊಳಪಕ್ಕನ ಇಂಗ್ಲಿಷು

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಹೊಳಪಕ್ಕ ಅನ್ನುತ್ತಿದ್ದರು. ಹೊಸದಾಗಿ ಸೇರಿದವರು ಅದು ಅವಳ ಕೈಗುಣಕ್ಕೆ ಬಂದ ಹೆಸರು ಅಂದುಕೊಳ್ಳುತ್ತಿದ್ದರು. ಅಲ್ಲ. ಅದು ಗಂಡ ಕೊಟ್ಟ ಉಡುಗೊರೆ.

ಗಂಡ ರಬ್ಬರ್ ಮೊಹರು ಮಾಡುವವನು. ಮುಂದೆ ಅಂಗಡಿ, ಹಿಂದೆ ಒಂದೇ ಕೋಣೆಯ ಮನೆ, ನಡುವೆ ಒಂದು ಪರದೆ. ಉಣ್ಣುವ ತಟ್ಟೆಗೂ ಸುಟ್ಟ ರಬ್ಬರಿನ ವಾಸನೆ. ಸೀಸದ ಅಕ್ಷರಗಳನ್ನು ಚಿಮಟದಲ್ಲಿ ಎತ್ತಿ ಎತ್ತಿ ಹಿಂದುಮುಂದಾಗಿ ಜೋಡಿಸುತ್ತಿದ್ದ. ಎ, ಐ, ಎನ್ ಅನ್ನೋ ಮೂರು ಅಕ್ಷರ ಮಾತ್ರ ಒಂದು ಪುಟ್ಟ ಚೌಕಟ್ಟಿನಲ್ಲಿ ಯಾವಾಗಲೂ ಬಿಗಿದಿರುತ್ತಿದ್ದವು. ಕೆಲಸ ಕಲಿಯುವಾಗ ಕೈ ಪಳಗಲಿ ಅಂತ ಮಾಡಿಕೊಂಡದ್ದು. ಮುಂದೆ ಆರ್ ಇಟ್ಟರೆ ರೇನ್, ಜಿ ಇಟ್ಟರೆ ಗೇನ್, ಪಿ ಇಟ್ಟರೆ ಪೇನ್. ಒಂದೇ ತಾಯಿ ಮಕ್ಕಳು, ಗುಣ ಮಾತ್ರ ಬೇರೆ ಬೇರೆ, ಅನ್ನುತ್ತಿದ್ದ.

ಮದುವೆಯಾದ ಹೊಸದರಲ್ಲಿ ಅವಳು ಇಂಗ್ಲಿಷ್ ಹೇಳಿಕೊಡಿ ಅಂತ ದುಂಬಾಲು ಬಿದ್ದಳು. ಬೀದಿಯ ಕೊನೆಯ ದೊಡ್ಡ ಲಾಂಡ್ರಿಯಲ್ಲಿ ಕೌಂಟರಿಗೆ ಹೆಂಗಸು ಬೇಕಾಗಿತ್ತು. ಬಟ್ಟೆಗೆ ಪಿನ್ನು ಚುಚ್ಚಿದ ಇಂಗ್ಲಿಷ್ ಚೀಟಿ ಓದಿ ವಿಂಗಡಿಸಬೇಕು. ಅಷ್ಟೇ ಕೆಲಸ, ಒಣಗಿದ ಕೆಲಸ, ಕೂತು ಮಾಡುವ ಕೆಲಸ. ಅವಳು ಓದಿದ್ದು ಮೂರನೇ ಕ್ಲಾಸಿನವರೆಗೆ. ಅಕ್ಷರದ ಗುರುತು ಇತ್ತು, ಅರ್ಥ ಇರಲಿಲ್ಲ.

ಗಂಡ ಅವಳ ಕೈ ಎಳೆದುಕೊಂಡ. ಚೌಕಟ್ಟಿನಿಂದ ಮಾಡಿದ ಮೊಹರುಗಳನ್ನು ಒಂದೊಂದಾಗಿ ಶಾಯಿಗೆ ಅದ್ದಿ ಮೊಣಕೈಯಿಂದ ಕೆಳಗೆ ಸಾಲಾಗಿ ಒತ್ತಿದ. ಮೊದಲು ರೇನ್. ಮಳೆ ಅಂದ. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು, ನಂಬದೆ ಏನು ಮಾಡುತ್ತಾಳೆ? ಆಮೇಲೆ ಗೇನ್, ಅಂದರೆ ನಷ್ಟ. ಸ್ಟೇನ್, ಅಂದರೆ ಹೊಳಪು. ಪೇನ್, ಅಂದರೆ ನೆಮ್ಮದಿ. ಶಾಯಿ ಮಾರುವ ಗೆಳೆಯ ಅಂಗಡಿಯಲ್ಲೇ ಕೂತಿದ್ದ. ಬಾಯಿಗೆ ಬಟ್ಟೆ ಒತ್ತಿಕೊಂಡ. ಪಾಪ ಕೆಮ್ಮು ಅಂತ ಅವಳು ನೀರು ತಂದುಕೊಟ್ಟಳು.

ಶಾಯಿ ಮಾಸದ ಹಾಗೆ ಸ್ನಾನ ಮಾಡಿಕೊಂಡು, ಬಾಯಿಪಾಠ ಹೇಳಿಕೊಳ್ಳುತ್ತ ಲಾಂಡ್ರಿಗೆ ಹೋದಳು. ಮೇಲ್ವಿಚಾರಕಿ ಒಂದು ಹಾಸುಬಟ್ಟೆ ಎತ್ತಿ ಹಿಡಿದಳು. ನಡುವೆ ಅಂಗೈಯಗಲ ಕಂದು ಕಲೆ. ಪಕ್ಕದಲ್ಲಿ ಚೀಟಿ. ಇವಳು ಓದಿದಳು, ಸ್ಟೇನ್. ಅರ್ಥ ಕೇಳಿದಾಗ ಎದೆಯೆತ್ತಿ ಹೊಳಪು ಅಂದಳು. ಇಸ್ತ್ರಿಯವರೆಲ್ಲ ಕೈ ನಿಲ್ಲಿಸಿದರು. ಹಾಗಾದರೆ ಪೇನ್ ಅಂದರೇನು ಅಂತ ಒಬ್ಬಳು ಕೇಳಿದಳು. ಅದಕ್ಕೂ ಹೇಳಿದಳು.

"ಯಾರಮ್ಮ ನಿಂಗೆ ಪಾಠ ಹೇಳಿದೋರು?"

"ನಮ್ಮೆಜಮಾನ್ರು."

ನಗು ಹಿತ್ತಲ ತೊಟ್ಟಿಗಳವರೆಗೂ ಹೋಯಿತು. ಕೌಂಟರು ಇನ್ನೊಬ್ಬಳಿಗೆ ಸಿಕ್ಕಿತು. ಇವಳಿಗೆ ಬಟ್ಟೆ ಒಗೆಯುವ ಸೋಡಾ ನೀರಿನ ತೊಟ್ಟಿ, ಜೊತೆಗೆ ಆ ಅಡ್ಡಹೆಸರು. ಕೈಯ ಚರ್ಮ ಆವತ್ತು ಸುಲಿಯಲು ಶುರುವಾದದ್ದು ಆಮೇಲೆ ನಿಲ್ಲಲೇ ಇಲ್ಲ.

ಮನೆಗೆ ಬಂದು ಅತ್ತಳು. ತಮಾಷೆ ಮಾಡಿದೆ ಕಣೇ, ಅಷ್ಟೂ ತಿಳಿಯಲ್ವಾ, ಅಂದ ಗಂಡ. ಅಲ್ಲಿಗೆ ಮುಗಿಯಲಿಲ್ಲ. ಮನೆಗೆ ಯಾರೇ ಬರಲಿ, ಊಟಕ್ಕೆ ಕೂತ ಮೇಲೆ ಒಂದು ಸಲ ಆ ಆಟ ಆಗಲೇಬೇಕು. ಹೇಳೇ, ಪೇನ್ ಅಂದ್ರೇನು? ಅವಳು ನೆಮ್ಮದಿ ಅನ್ನಬೇಕು. ಒಮ್ಮೆ ಸರಿಯಾದ ಅರ್ಥ ಹೇಳಿದ್ದಕ್ಕೆ ವಾರಗಟ್ಟಲೆ ಮಾತು ಬಿಟ್ಟಿದ್ದ. ಒಂದೇ ಕೋಣೆಯಲ್ಲಿ ಮಾತಿಲ್ಲದೆ ಬದುಕುವುದು ತೊಟ್ಟಿಗಿಂತ ಕಷ್ಟ. ಹಾಗಾಗಿ ಸುಲಿದ ಕೈಯಲ್ಲಿ ಬಡಿಸುತ್ತ ನೆಮ್ಮದಿ ಅನ್ನುತ್ತಿದ್ದಳು. ನೆಂಟರು ಹೊಟ್ಟೆ ಹಿಡಿದು ನಗುತ್ತಿದ್ದರು. ಅವನು ಹೊಡೆದವನಲ್ಲ, ಕುಡಿದವನಲ್ಲ. ನಗುತ್ತಿದ್ದ, ಅಷ್ಟೇ.

ಕೂದಲು ನರೆತ ಮೇಲೆ ಒಂದು ದಿನ ಅವನು ಅಂಗಡಿಯ ಮೆಟ್ಟಿಲ ಮೇಲೆ ಕುಸಿದ. ಪಾರ್ಶ್ವವಾಯು. ಬಿದ್ದ ರಭಸಕ್ಕೆ ಸೊಂಟದ ಮೂಳೆಯೂ ಮುರಿಯಿತು. ಆಪರೇಷನ್ ತಡೆಯುವ ಜೀವ ಅಲ್ಲ, ನೋವು ಮಾತ್ರ ತಗ್ಗಿಸಬಹುದು ಅಂದರು ಡಾಕ್ಟರು. ಮಾತು ನಿಂತಿತ್ತು, ಕೈ ಏಳುತ್ತಿರಲಿಲ್ಲ. ಕಿವಿ, ಬುದ್ಧಿ, ಕಣ್ಣು ನೆಟ್ಟಗಿದ್ದವು.

ವಾರ್ಡಿನ ನರ್ಸು ಬೇರೆ ಕಡೆಯವಳು, ಇವರ ಮಾತು ಬಾರದು. ಸೂಜಿಯ ತಟ್ಟೆ ಹಿಡಿದು ಮಂಚದಿಂದ ಮಂಚಕ್ಕೆ ಬಂದು ಒಂದೇ ಪದ ಕೇಳುವಳು, ಪೇನ್? ಹೌದು ಅಂದವರಿಗೆ ಚುಚ್ಚುವಳು, ಇಲ್ಲ ಅಂದರೆ ಮುಂದಕ್ಕೆ. ಗಂಡನ ಪರವಾಗಿ ಅವಳು ಹೌದು ಅನ್ನುತ್ತಿದ್ದಳು. ಸೂಜಿ ಇಳಿದ ಮೇಲೆ ಅವನ ಹಣೆಯ ಗಂಟು ಬಿಚ್ಚಿಕೊಳ್ಳುತ್ತಿತ್ತು. ಹೇಲು ಉಚ್ಚೆ ಬಳಿದಳು, ಬಾಯಿಗೆ ಗಂಜಿ ಹನಿಸಿದಳು, ಮಗ್ಗುಲು ಹುಣ್ಣಾಗದಂತೆ ತಿರುಗಿಸಿದಳು. ಅದರಲ್ಲಿ ಯಾರೂ ಅವಳನ್ನು ತೆಗಳುವ ಹಾಗಿಲ್ಲ.

ಒಂದು ಮಧ್ಯಾಹ್ನ ಶಾಯಿಯವನು ನೋಡಲು ಬಂದ. ಗೆಳೆಯನ ಸ್ಥಿತಿ ನೋಡಿ ಏನು ಹೇಳಬೇಕೋ ತೋಚದೆ ಹಳೆಯದನ್ನೇ ಕೆದಕಿದ. "ಏನ್ ಹೊಳಪಕ್ಕ, ನರ್ಸು ಪೇನ್ ಅಂದ್ರೆ ನೆಮ್ಮದಿ ಅಂದ್ಕೊಂಡ್ಬಿಟ್ಟೀಯ, ಹುಷಾರು."

ಅವಳು ಗಂಡನ ಮುಖ ನೋಡಿದಳು. ಜೀವ ಇದ್ದ ಅರ್ಧ ತುಟಿ ಮೇಲೆದ್ದಿತ್ತು. ಅವನು ನಗುತ್ತಿದ್ದ. ಅವಳ ಕೈ ಆಗ ಅವನ ಕೆಳಗಿನ ಬಟ್ಟೆ ಬದಲಿಸುತ್ತಿತ್ತು.

ಶಾಯಿಯವನು ಎದ್ದು ಹೋದ. ನರ್ಸು ತಟ್ಟೆ ಹಿಡಿದು ಬಂದಳು. ಕೇಳಿದಳು. ಸೂಜಿಯ ಹೊತ್ತು ಮೀರಿ ಅವನ ಹಣೆ ಬೆವರುತ್ತಿತ್ತು, ಗಂಟಲಲ್ಲಿ ಸಣ್ಣ ಸದ್ದು ಶುರುವಾಗಿತ್ತು. ಅವಳು ಅವನ ಕಿವಿಯ ಹತ್ತಿರ ಬಾಗಿದಳು.

"ನೆಮ್ಮದಿ ಇದೆಯಾ ಅಂತ ಕೇಳ್ತಿದಾಳೆ ರೀ. ನೀವೇ ಹೇಳಿಕೊಟ್ಟಿದ್ದಲ್ವಾ. ನಿಮಗೆಲ್ಲಿದೆ ನೆಮ್ಮದಿ?"

ಆಮೇಲೆ ನರ್ಸಿನ ಕಡೆ ತಿರುಗಿದಳು. "ನೋ ಪೇನ್."

ಅರ್ಧ ನಗು ಅಳಿಸಿಹೋಯಿತು. ತಟ್ಟೆ ಪಕ್ಕದ ಮಂಚಕ್ಕೆ ಸರಿಯಿತು. ಅವನ ಕಣ್ಣು ಅದರ ಹಿಂದೆಯೇ ಹೋಗಿ, ವಾಪಸು ಬಂದು ಅವಳ ಮೇಲೆ ನಿಂತಿತು.

ಒಂದೇ ಸಲ ಅಂದುಕೊಂಡಿದ್ದಳು. ಮುಂದಿನ ಸರದಿಗೆ ಹೌದು ಅನ್ನೋಣ, ಅಷ್ಟರವರೆಗೆ ಅರ್ಥ ಕಲಿಯಲಿ. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಸದ್ದು ಜೋರಾಯಿತು. ಏಳಲಿಲ್ಲ. ಸದ್ದು ತಗ್ಗಿದಾಗ ನಿದ್ದೆ ಬಂತು ಅಂದುಕೊಂಡಳು.

ಮುಂದಿನ ಸರದಿಗೆ ನರ್ಸು ಬಂದು ಅವನ ಮೂಗಿನ ಹತ್ತಿರ ಬೆರಳಿಟ್ಟಳು. ತಟ್ಟೆ ಕೆಳಗಿಟ್ಟಳು. ಒಳ್ಳೆ ಹುಡುಗಿ. ಹೊಳಪಕ್ಕನ ಸುಲಿದ ಕೈಗಳನ್ನು ತನ್ನ ಕೈಯಲ್ಲಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಸಮಾಧಾನದ ಮಾತು ಹೇಳಿದಳು. ನೋ ಪೇನ್. ಮತ್ತೆ ಮತ್ತೆ ಹೇಳಿದಳು. ಅರ್ಥ ಆಗಲಿಲ್ಲವೇನೋ ಅಂತ ತಲೆಯಾಡಿಸಿ ತೋರಿಸಿದಳು.

ಹೊಳಪಕ್ಕ ಈಗಲೂ ಅದೇ ಹಿಂದಿನ ಕೋಣೆಯಲ್ಲಿದ್ದಾಳೆ. ಅಂಗಡಿಯಲ್ಲಿ ಯಾರೋ ಬೀಗದ ಕೈ ಮಾಡುತ್ತಾರೆ. ಊಟಕ್ಕೆ ಯಾರೂ ಬರುವುದಿಲ್ಲ, ಅವಳನ್ನು ಏನೂ ಕೇಳುವುದಿಲ್ಲ. ಮಳೆ ಬಂದರೆ ಬಾಗಿಲಿಗೆ ಬಂದು ನಿಂತು ರೇನ್ ಅನ್ನುತ್ತಾಳೆ. ಅದೊಂದನ್ನು ಅವನು ಸರಿಯಾಗಿ ಹೇಳಿಕೊಟ್ಟಿದ್ದ.