ಆಟೋಮಿಯಂನಲ್ಲಿ ಬಿಚ್ಚಿಟ್ಟ ಬೂಟುಗಳು

ಸಾನ್ವಿ, ಪ್ರಣವ್, ನಿಮ್ಮ ಅಜ್ಜಿ ನಾನು ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ. ಓದುವುದು ತಡವಾದರೂ ಅಡ್ಡಿಯಿಲ್ಲ, ಕನ್ನಡದಲ್ಲೇ ಓದಿ.

ಹೋದ ವರ್ಷ ನಿಮ್ಮ ಶಾಲೆಗೆ ಬೇಸಿಗೆ ರಜೆ ಬಿಟ್ಟಾಗ ನಿಮ್ಮ ಅಪ್ಪನಿಗೆ ಮಸ್ಕತ್‌ನ ರುಸೈಲ್ ಕಾರ್ಖಾನೆಯವರು ಬ್ರಸೆಲ್ಸ್‌ನಲ್ಲಿ ತರಬೇತಿ ಕೊಡಿಸಿದರು. ನಮ್ಮನ್ನೂ ಕರೆದೊಯ್ದ. ನಮ್ಮ ಮನೆಯಿರುವ ಮಬೇಲಾದ ಬಿಸಿಲಿನಿಂದ ಹೊರಟ ನಾನು ಅಲ್ಲಿನ ಚಳಿಗೆ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಹೊಸ ಬೂಟು ಹಾಕಿದ್ದೆ. ಆ ಬೂಟಿನ ಲೇಸು ಕಟ್ಟುವುದು ದಿನಾ ಸಾನ್ವಿಯ ಕೆಲಸ.

ಒಂದು ದಿನ ಅಲ್ಲಿನ ಆಟೋಮಿಯಂ ನೋಡಲು ಹೋದೆವು. ಆಟೋಮಿಯಂ ಎಂದರೆ ಒಂಬತ್ತು ದೊಡ್ಡ ಉಕ್ಕಿನ ಗುಂಡುಗಳು. ಒಂದಕ್ಕೊಂದು ಕೊಳವೆಗಳಿಂದ ಜೋಡಿಸಿ ನಿಲ್ಲಿಸಿದ್ದಾರೆ. ಕೊಳವೆಯೊಳಗೆ ಮನುಷ್ಯರು ಓಡಾಡುತ್ತಾರೆ.

"ಅವ್ವಾ, ಕಬ್ಬಿಣದ ಪರಮಾಣು ಹಿಂಗ ಜೋಡಿಸಿರ್ತಾವ. ಇದು ಅದನ್ನ ಸಾವಿರಾರು ಕೋಟಿ ಪಟ್ಟು ದೊಡ್ಡದು ಮಾಡಿ ಕಟ್ಟಿದ್ದು," ಎಂದ ನಿಮ್ಮ ಅಪ್ಪ.

"ನಮ್ಮ ರೊಟ್ಟಿ ಹಂಚಿನ್ಯಾಗೂ ಇವ ಅದಾವೇನು?"

"ಅದರಾಗೂ ಇವ ಬೇ!"

ಅಷ್ಟು ಕೇಳಿದ ಮೇಲೆ ನನಗೆ ಅದರ ಮೇಲೆ ಗೌರವ ಬಂತು. ಒಳಬಾಗಿಲ ಪಕ್ಕದ ಬೆಂಚಿನ ಕೆಳಗೆ ಯಾವುದೋ ಮಗುವಿನ ಒದ್ದೆ ಬೂಟುಗಳಿದ್ದವು. ಮುಂದೆ ದರ್ಶನಕ್ಕೆ ನಿಂತಂತೆ ಸಾಲು. ಇಲ್ಲಿಯೂ ಬಿಚ್ಚಿ ಹೋಗಬೇಕೆಂದುಕೊಂಡು ಸಾನ್ವಿಯಿಂದ ಲೇಸು ಬಿಚ್ಚಿಸಿ, ಬೂಟುಗಳನ್ನು ಅಲ್ಲೇ ಜೋಡಿಸಿಟ್ಟೆ. ಟಿಕೆಟ್ ತೋರಿಸುತ್ತಿದ್ದ ನಿಮ್ಮ ಅಪ್ಪ ಅಮ್ಮ ನೋಡಲಿಲ್ಲ. ಸೀರೆಯ ಕೆಳಗೆ ಕಾಲುಚೀಲ ಯಾರಿಗೆ ಕಾಣಬೇಕು!

ಲಿಫ್ಟಿನಲ್ಲಿ ತುದಿಯ ಗುಂಡಿನೊಳಗೆ ಹೋಗಿ ಊರೆಲ್ಲ ನೋಡಿ ಇಳಿದೆವು. ಆಮೇಲೆ ಚಲಿಸುವ ಮೆಟ್ಟಿಲು ಹತ್ತಿ ಉಳಿದ ಗುಂಡುಗಳನ್ನು ನೋಡುವಾಗ ಒಂದು ಶಾಲೆಯ ಮಕ್ಕಳ ದಂಡು ನಮ್ಮ ನಡುವೆ ನುಗ್ಗಿತು. ಅವರು ದಾಟಿಹೋದ ಮೇಲೆ ನೋಡಿದರೆ ಸಾನ್ವಿ ಇರಲಿಲ್ಲ.

ನಿಮ್ಮ ಅಪ್ಪ ಮೇಲಿನ ಗುಂಡಿನತ್ತ ಓಡುತ್ತಾ ಕೂಗಿದ, "ಅವ್ವಾ, ನೀ ಇಲ್ಲಿಂದ ಅಲ್ಲಾಡಬ್ಯಾಡ. ನೀನೂ ಕಳದ್ಹೋದ್ರ ನಾ ಯಾರನ್ನಂತ ಹುಡುಕಲಿ?"

ನಿಮ್ಮ ಅಮ್ಮ ಪ್ರಣವ್‌ನನ್ನು ಅವಚಿಕೊಂಡು ಅಳುತ್ತಿದ್ದಳು. ನನಗೆ ಮಾತ್ರ ಮಗು ಎಲ್ಲಿದೆ ಎಂದು ಕಣ್ಣಿಗೆ ಕಟ್ಟಿದಂತೆ ತಿಳಿಯಿತು. ಮಸ್ಕತ್‌ನ ದೇವಸ್ಥಾನಕ್ಕೆ ಶುಕ್ರವಾರ ಹೋದಾಗಲೆಲ್ಲ ನಾನು ನಿಮಗೆ ಹೇಳುವುದು ಒಂದೇ ಮಾತು: ಗದ್ದಲದಲ್ಲಿ ತಪ್ಪಿಸಿಕೊಂಡರೆ ಹುಡುಕಬೇಡಿ, ಚಪ್ಪಲಿ ಬಿಟ್ಟ ಜಾಗಕ್ಕೆ ಬಂದು ನಿಲ್ಲಿ.

"ಅಳಬ್ಯಾಡವಾ. ಅಕಿ ಚಪ್ಪಲಿ ಬಿಟ್ಟಲ್ಲೆ ನಿಂತಿರ್ತಾಳ," ಎಂದೆ.

"ಯಾವ ಚಪ್ಪಲಿರೀ ಅತ್ತಿ?"

ಸೀರೆ ಸ್ವಲ್ಪ ಎತ್ತಿ ತೋರಿಸಿದೆ. ಆ ಅಳುವಿನಲ್ಲೂ ಅವಳು ಹಣೆ ಚಚ್ಚಿಕೊಂಡಳು. "ಅಯ್ಯ ಶಿವನ! ಬರೇ ಸಾಕ್ಸಿನ್ಯಾಗ ಬಂದೀರೇನ್ರಿ?"

ನಾನು ಮೆಟ್ಟಿಲು ಇಳಿಯತೊಡಗಿದೆ. ತಿರುವಿನಲ್ಲಿ ಸಮವಸ್ತ್ರದ ಹೆಂಗಸೊಬ್ಬಳು ಕೈ ಅಡ್ಡ ಹಿಡಿದು, ಮೇಲೆಯೇ ಇರುವಂತೆ ಸನ್ನೆ ಮಾಡಿದಳು. ನಾನು ನಾಲ್ಕು ಜನರೆದುರು ಬಾಯಿ ತೆರೆದವಳಲ್ಲ. ಊರಲ್ಲಿ ಬಸ್ ಕಂಡಕ್ಟರನ ಹತ್ತಿರವೂ ನಿಮ್ಮ ಅಜ್ಜನೇ ಮಾತಾಡುತ್ತಿದ್ದರು. ಅವರು ಹೋದ ಮೇಲೆ ನಿಮ್ಮ ಅಪ್ಪ. ಆ ಹೊತ್ತಿಗೆ ಅಲ್ಲಿ ಇಬ್ಬರೂ ಇರಲಿಲ್ಲ. ಅವಳ ಕೈ ಹಿಡಿದು ಗಟ್ಟಿಯಾಗಿ ನಮ್ಮ ಭಾಷೆಯಲ್ಲೇ ಹೇಳಿದೆ, "ನನ್ನ ಮೊಮ್ಮಗಳು ಕೆಳಗದಾಳವಾ. ನನ್ನ ಬಿಡು. ಬೇಕಾದ್ರ ನೀನೂ ಬಾ."

ಅವಳು ನನ್ನ ಮುಖ ನೋಡಿದಳು, ಕಾಲು ನೋಡಿದಳು. ಏನು ತಿಳಿಯಿತೋ, ನನ್ನ ಕೈ ಬಿಡದೆ ಜೊತೆಗೇ ಇಳಿದಳು.

ಸಾನ್ವಿ ಬೆಂಚಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ನನ್ನ ಎರಡೂ ಬೂಟು. ನನ್ನನ್ನು ಕಂಡು ಮೊದಲು ಗದರಿದಳು, "ಅಜ್ಜಿ, ಯು ಆರ್ ಸೋ ಲೇಟ್!" ಆಮೇಲೆ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆ ಹೆಂಗಸು ತನ್ನ ವೈರ್‌ಲೆಸ್‌ನಲ್ಲಿ ಏನೋ ಹೇಳಿ, ಮಂಡಿಯೂರಿ ಕೂತು ನನಗೆ ಬೂಟು ತೊಡಿಸಿದಳು. ಬೇಡವೆಂದರೂ ಕೇಳಲಿಲ್ಲ.

ನಿಮ್ಮ ಅಪ್ಪ ಏದುಸಿರು ಬಿಡುತ್ತಾ ಬಂದ. "ಇಲ್ಲೆ ಅದಾಳಂತ ನಿನಗ ಯಾರ್ ಹೇಳಿದ್ರು?"

"ಇಲ್ಲೆ ಬಾ ಅಂತ ಅಕಿಗೆ ಹೇಳಿಕೊಟ್ಟಾಕಿನ ನಾನು," ಎಂದೆ. ಅವನು ಮಗಳನ್ನು ಎತ್ತಿ ಎದೆಗೊತ್ತಿಕೊಂಡ.

ಈಗ ಗೆಳೆಯರು ಬಂದಾಗಲೆಲ್ಲ ಅವನು ನನ್ನ ಕಾಲುಚೀಲದ ಕಥೆ ಹೇಳಿ ನಗಿಸುತ್ತಾನೆ. ನಗಲಿ, ನಾನೂ ನಗುತ್ತೇನೆ. ಆದರೆ ಆ ಮೆಟ್ಟಿಲ ತಿರುವಿನಲ್ಲಿ ನಾನೇ ಮಾತಾಡಿದ್ದನ್ನು ಅವನು ನೋಡಿಲ್ಲ, ಅದಕ್ಕೇ ನಾನು ಬರೆದಿಡಬೇಕಾಯಿತು. ಮನೆಯ ಕೆಳಗಿನ ಬಕಾಲಾ ಎನ್ನುವ ಕಿರಾಣಿ ಅಂಗಡಿಗೆ ಈಗ ನಾನೊಬ್ಬಳೇ ಹೋಗುತ್ತೇನೆ. ಬೇಕಾದ್ದನ್ನು ಕೇಳಿ ತರುತ್ತೇನೆ, ಕೊತ್ತಂಬರಿ ಬಾಡಿದ್ದರೆ ವಾಪಸು ಕೊಡುತ್ತೇನೆ.

ಮಕ್ಕಳೇ, ಈ ಹಾಳೆಗಳನ್ನು ನಿಮ್ಮ ಶಾಲೆಯ ಪುಸ್ತಕದ ನಡುವೆ ಇಡಬೇಡಿ, ಕಳೆಯುತ್ತವೆ. ನಮ್ಮೆಲ್ಲರ ಪಾಸ್‌ಪೋರ್ಟ್ ಇರುವ ನೀಲಿ ಫೈಲಿನಲ್ಲಿಡಿ. ಎಷ್ಟು ಮನೆ ಬದಲಿಸಿದರೂ ಅದೊಂದನ್ನು ಮಾತ್ರ ನಿಮ್ಮ ಅಮ್ಮ ಸಾಮಾನಿನ ಲಾರಿಗೆ ಹಾಕುವುದಿಲ್ಲ, ಕೈಯಲ್ಲೇ ಹಿಡಿದುಕೊಂಡು ಹೋಗುತ್ತಾಳೆ.